ಮುಚ್ಚಿಟ್ಟ ಅಮಲಿಗೆ ಮದ್ದಿಲ್ಲ

ಮದ್ಯ ನಿಷಿದ್ಧವೆಂಬುದು ನಮ್ಮ ಮನೆಯ ಮಗುವಿಗೂ ಗೊತ್ತು. ಆದ್ದರಿಂದಲೇ ಅಮಲಿನ ಸಮಸ್ಯೆ ನಮ್ಮದಲ್ಲ ಎಂಬ ಹುಸಿ ನೆಮ್ಮದಿಯಲ್ಲಿ ನಾವಿದ್ದೇವೆ. ಅಡಿಕೆ ಬೆಳೆಯುವ ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಅಡಿಕೆ ಜಗಿಯುವುದನ್ನು ಯಾರೂ ಚಟವೆನ್ನುವುದಿಲ್ಲ. ಅದಕ್ಕೆ ತಂಬಾಕು ಬೆರೆತಾಗಲೂ ಹಿರಿಯರು ಕಣ್ಣು ಮುಚ್ಚುತ್ತಾರೆ. ಚಿತ್ರದುರ್ಗ, ಹಿರಿಯೂರುಗಳ ಗ್ಯಾರೇಜುಗಳಲ್ಲಿ ದುಡಿಯುವ ಬಾಲಕನ ಕೈಗೆ ಪಂಕ್ಚರ್ ಸೊಲ್ಯೂಷನ್ ಸುಲಭವಾಗಿ ಸಿಗುತ್ತದೆ. ಅದನ್ನು ಮೂಸುವುದೂ ಅಮಲೇ.

ದೆಹಲಿಯ ಏಮ್ಸ್ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಇಂತಹ ಮೂಸುವ ಪದಾರ್ಥಗಳ ಬಳಕೆ ವಯಸ್ಕರಲ್ಲಿ ಶೇ. 0.58ರಷ್ಟಿದ್ದರೆ, 10ರಿಂದ 17ರ ಮಕ್ಕಳಲ್ಲಿ ಶೇ. 1.7. ಹಿರಿಯರಿಗಿಂತ ಮಕ್ಕಳೇ ಮುಂದಿರುವ ಅಮಲಿದು.

ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ವಿವೇಕ್ ಬೆನಗಲ್ ಮತ್ತು ಸಂಗಡಿಗರು ಕೈಗೊಂಡ ‘ಸಿ-ವೇದ’ ಅಧ್ಯಯನ ಇಲ್ಲಿ ಗಮನಾರ್ಹ. ಬೆಂಗಳೂರು, ಮೈಸೂರು ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ 6ರಿಂದ 23ರ ವಯೋಮಾನದವರನ್ನು ಅದು ಅಭ್ಯಸಿಸಿತು. ಕುಡುಕನನ್ನು ಬಿಟ್ಟು ಆರು ವರ್ಷದ ಮಗುವಿನಿಂದ ಆರಂಭಿಸಿದ್ದೇಕೆ? ಚಟ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಅದರ ಬೇರುಗಳು ಬಾಲ್ಯದ ಕಷ್ಟ, ಮನೆಯ ವಾತಾವರಣ, ಮಗುವಿನ ಸ್ವಭಾವಗಳಲ್ಲಿ ಇಳಿದಿರಬಹುದು ಎಂಬ ಕಾರಣಕ್ಕೆ.

ಮನಸ್ಸನ್ನು ಅಳೆಯಲು ಸಾಧ್ಯವೇ ಎಂದು ಕೆಲವರು ನಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಪ್ರಶ್ನಾವಳಿಯಲ್ಲಿರುವುದು ಕುಡಿತದ ಕುರಿತ 10 ಸರಳ ಪ್ರಶ್ನೆಗಳು ಮಾತ್ರ. 40ಕ್ಕೆ 8 ಅಥವಾ ಹೆಚ್ಚು ಅಂಕ ಬಂದರೆ ಅದು ಎಚ್ಚರಿಕೆಯ ಗಂಟೆಯೇ ಹೊರತು ತೀರ್ಪಲ್ಲ. ಉತ್ತರಿಸುವವನಿಗೆ ಅವಮಾನದ ಭಯವಿದ್ದರೆ ಆ ಅಂಕವೂ ಸುಳ್ಳಾಗುತ್ತದೆ. ಗೌಪ್ಯತೆಯಿಲ್ಲದೆ ಸತ್ಯ ಹೊರಬರುವುದಿಲ್ಲ.

ನಮ್ಮ ಅಳತೆಗೋಲುಗಳಾದರೂ ಯಾವುವು? ಗೊತ್ತಾದೊಡನೆ ಹೊಡೆತ, ಬಳಿಕ ಮೌನ, ಕೊನೆಗೆ ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಸಮಾಧಾನ. ಹೀಗೆ ಒಂದು ಮನೆಯ ಗುಟ್ಟಿಗೆ ಇನ್ನೊಂದು ಮನೆಯ ಹೆಣ್ಣುಮಗಳು ಬಲಿಯಾಗುತ್ತಾಳೆ. ಇದು ಮರ್ಯಾದೆಯ ರಕ್ಷಣೆಯಲ್ಲ, ಅನ್ಯಾಯ.

ಮಕ್ಕಳಿಗೆ ಅಮಲು ಪದಾರ್ಥ ನೀಡಿದವರಿಗೆ 7 ವರ್ಷಗಳವರೆಗೆ ಶಿಕ್ಷೆ ವಿಧಿಸಲು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಮಾರುವವರ ವಿರುದ್ಧ ಜಮಾಅತ್‌ಗಳು ದೂರು ನೀಡಲಿ. ಸಿಲುಕಿದ ಹುಡುಗನನ್ನು ಮಾತ್ರ ಬಹಿಷ್ಕರಿಸದಿರಲಿ. ಅವನಿಗೆ ಬೇಕಾದುದು ವೈದ್ಯರು. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ ಸಲಹೆ ಪಡೆಯಬಹುದು.

ಮಗ ಕೆಮ್ಮಿದರೆ ಆಸ್ಪತ್ರೆಗೆ ಓಡುವ ನಾವು, ಅವನ ಅಮಲನ್ನು ಬಾಗಿಲ ಹಿಂದೆ ಅಡಗಿಸುವುದೇಕೆ? ಜನರು ಏನೆಂದಾರು ಎಂಬ ಚಿಂತೆಗಿಂತ ಮಗನ ಜೀವ ದೊಡ್ಡದಲ್ಲವೇ?