ತಂಪಿನ ಪೈಪು ನಮ್ಮ ಕೇರಿಗೆ ಬರುತ್ತೋ, ನಮ್ಮ ಕೇರಿ ದಾಟಿ ಹೋಗುತ್ತೋ?



ಪೋಸ್ಟು ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಬೈಯಿರಿ.

ನಗರದ ಕಟ್ಟಡಗಳನ್ನ ಕಾರ್ಬನ್‌ಮುಕ್ತ ಮಾಡೋದು ಹೇಗೆ ಅನ್ನೋ ಚರ್ಚೆ ಈಗ ಜೋರಾಗಿದೆ. 2023ರ ನವೆಂಬರಿನಲ್ಲಿ ಬೆಂಗಳೂರಿಗೂ ಒಂದು ಹವಾಮಾನ ಕ್ರಿಯಾ ಯೋಜನೆ ಬಂತು, 2050ಕ್ಕೆ ಕಾರ್ಬನ್ ತಟಸ್ಥ ಆಗ್ಬೇಕು ಅನ್ನೋ ಗುರಿ ಇಟ್ಕೊಂಡು. ಈ ವಿಷಯ ನಮ್ಮ ಗುಂಪುಗಳಲ್ಲಿ ಎತ್ತಿದ್ರೆ ಒಂದೇ ಉತ್ತರ: "ಬಿಡಿ ಸರ್, ಅದು ಎಸಿ ರೂಮಿನವರ ಚರ್ಚೆ. ನಮ್ಮ ಮನೇಲಿ ಫ್ಯಾನೇ ಸರಿಯಾಗಿ ತಿರುಗಲ್ಲ."

ಇದೇ ಮಾತನ್ನ ಅವರೂ ಬಯಸೋದು. ನಾವು "ಬಿಡಿ ಸರ್" ಅಂದ ಕಡೆಯೆಲ್ಲ ನಮ್ಮನ್ನ ಬಿಟ್ಟೇ ಯೋಜನೆ ಆಗಿದೆ. ಹಾಗಾಗಿ ಬಿಡೋದು ಬೇಡ. ವಿಷಯ ಏನು ಅಂತ ಮೊದಲು ತಿಳ್ಕೊಳ್ಳೋಣ.

ಈಗ ಪ್ರತಿ ಕಟ್ಟಡಕ್ಕೂ ಅದರದೇ ಎಸಿ. ಒಳಗಿನ ಶಾಖ ಎಳೆದು ಹೊರಗೆ ಎಸೆಯುತ್ತೆ. ಬರೀ ಒಳಗಿನ ಶಾಖ ಅಲ್ಲ, ಯಂತ್ರ ತಿಂದ ಕರೆಂಟೂ ಶಾಖವಾಗಿ ಹೊರಗೇ ಬರುತ್ತೆ. ಅಂದ್ರೆ ಒಳಗೆ ತಂಪಾದದ್ದಕ್ಕಿಂತ ಹೊರಗೆ ಕಾಯೋದು ಜಾಸ್ತಿ. ಈ "ಹೊರಗೆ" ಅನ್ನೋದು ಯಾರ ಜಾಗ? ಫುಟ್‌ಪಾತಿನಲ್ಲಿ ತರಕಾರಿ ಮಾರೋರು, ಕಸ ಗುಡಿಸೋರು, ಗೇಟಿನಲ್ಲಿ ನಿಂತ ಸೆಕ್ಯೂರಿಟಿಯವರು, ಪಕ್ಕದ ಕೊಳೆಗೇರಿಯಲ್ಲಿ ಶೀಟಿನ ಮನೆಯಲ್ಲಿ ಮಗು ಮಲಗಿಸೋ ತಾಯಿ. ಹೊರಗಿರೋದು ಯಾರು ಅನ್ನೋದನ್ನ ಈ ದೇಶದಲ್ಲಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಪರ್ಯಾಯವಾಗಿ ಬಂದಿರೋದು ಡಿಸ್ಟ್ರಿಕ್ಟ್ ಕೂಲಿಂಗ್. ಕಾವೇರಿ ನೀರು ಮನೆಮನೆಗೆ ಪೈಪಿನಲ್ಲಿ ಬರೋ ಹಾಗೆ, ಇಡೀ ಬಡಾವಣೆಗೆ ಒಂದೇ ಸ್ಥಾವರ. ಅಲ್ಲಿ ದೊಡ್ಡ ಚಿಲ್ಲರ್‌ಗಳು ನೀರನ್ನ ತಣ್ಣಗೆ ಮಾಡ್ತವೆ. ಆ ನೀರು ನೆಲದಡಿ ಪೈಪಿನಲ್ಲಿ ಕಟ್ಟಡಗಳಿಗೆ ಹೋಗಿ, ಶಾಖ ಹೀರಿಕೊಂಡು ವಾಪಸ್ ಬರುತ್ತೆ. ಚಳಿ ದೇಶಗಳಲ್ಲಿ ಇದೇ ಪೈಪಿನಲ್ಲಿ ಬಿಸಿನೀರು. ಹಿಂದೆ ಕಲ್ಲಿದ್ದಲು, ಗ್ಯಾಸ್ ಸುಟ್ಟು ಕಾಯಿಸ್ತಿದ್ರು. ಈಗ ಕರೆಂಟಿನ ಹೀಟ್ ಪಂಪ್ ಇಟ್ಟು ಸಮುದ್ರದಿಂದ, ಚರಂಡಿ ನೀರಿನಿಂದ ಶಾಖ ಎತ್ತುತ್ತಿದ್ದಾರೆ.

ಲಾಭ ಇದೆಯಾ? ಇದೆ. ಆಫೀಸಿಗೆ ಹಗಲು ತಂಪು ಬೇಕು, ಮನೆಗೆ ರಾತ್ರಿ ಬೇಕು. ಒಂದೇ ಸ್ಥಾವರ ಎರಡಕ್ಕೂ ಸಾಕಾದ್ರೆ ಒಟ್ಟು ಯಂತ್ರದ ಗಾತ್ರ ಕಮ್ಮಿ. ಮಧ್ಯಾಹ್ನ ಸೋಲಾರ್ ಕರೆಂಟು ಹೆಚ್ಚಿದ್ದಾಗ ನೀರು ತಣ್ಣಗೆ ಮಾಡಿ ಟ್ಯಾಂಕಿನಲ್ಲಿ ಇಟ್ಟು ಸಂಜೆ ಬಳಸಬಹುದು. ವಾತಾವರಣ ಕೆಡಿಸೋ ಎಸಿ ಗ್ಯಾಸು ಸಾವಿರ ಕಡೆ ಸೋರೋ ಬದಲು ಒಂದೇ ಕಡೆ ಇದ್ರೆ ಕಾಯೋದು ಸುಲಭ. ನಮ್ಮ ದೇಶದಲ್ಲಿ ಇಂಥದ್ದು ಮೊದಲು ಶುರುವಾಗಿದ್ದು 2015ರಲ್ಲಿ, ಗುಜರಾತಿನ ಗಿಫ್ಟ್ ಸಿಟಿಯಲ್ಲಿ. ಗಮನಿಸಿ, ಹಣಕಾಸು ಕಂಪನಿಗಳ ನಗರದಲ್ಲಿ. ಆಸ್ಪತ್ರೆ ಬೀದಿಯಲ್ಲಿ ಅಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಭಾರತ ಕೂಲಿಂಗ್ ಕ್ರಿಯಾ ಯೋಜನೆ ಅಂತ ಒಂದು ದಾಖಲೆ ತಂತು. ಆಗ ಎಸಿ ಇದ್ದ ಕುಟುಂಬಗಳು ನೂರಕ್ಕೆ ಸುಮಾರು 8. ಇಪ್ಪತ್ತು ವರ್ಷದಲ್ಲಿ, ಅಂದ್ರೆ 2037-38ರ ಹೊತ್ತಿಗೆ, ದೇಶದ ತಂಪಿನ ಬೇಡಿಕೆ 8 ಪಟ್ಟು ಆಗುತ್ತೆ ಅಂತ ಅದರ ಅಂದಾಜು. ಬಡವರ, ಕಡಿಮೆ ಆದಾಯದವರ ಮನೆಗಳಿಗೂ ತಂಪು ಸಿಗಬೇಕು ಅಂತಾನೂ ಅದರಲ್ಲಿ ಬರೆದಿದೆ. ಬರೆದಿದೆ ಅಷ್ಟೇ. ನಾನು ಗುಮಾಸ್ತ, ದಿನಾ ಕಡತ ನೋಡೋನು. ಬಡವರ ಸಾಲು ಪೀಠಿಕೆಯಲ್ಲಿ ಇರುತ್ತೆ, ಟೆಂಡರಿನ ಷರತ್ತಿನಲ್ಲಿ ಇರಲ್ಲ. ನನ್ನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಕಲಿತ ದೊಡ್ಡ ಪಾಠ ಇದು.

ಈಗ ನಮ್ಮ ಪ್ರಶ್ನೆಗಳಿಗೆ ಬರೋಣ.

ಮೊದಲ ಪ್ರಶ್ನೆ: ಕರೆಂಟು ಎಲ್ಲಿಂದ?

ಎಲ್ಲಾ ಕರೆಂಟಿನಲ್ಲೇ ನಡೆಸ್ತೀವಿ, ಅದೂ ಸೋಲಾರ್ ಕರೆಂಟಿನಲ್ಲಿ ಅಂತಾರೆ. ಸರಿ, ಪಾವಗಡಕ್ಕೆ ಹೋಗಿ ಬನ್ನಿ. ಐದು ಹಳ್ಳಿಯ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಜಮೀನು ಇದ್ದೋರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಬಾಡಿಗೆ ಬಂತು. ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದೋರಿಗೆ? ಹೊಲ ಹೋಯ್ತು, ಕೂಲಿ ಹೋಯ್ತು, ಬಾಡಿಗೆ ಪತ್ರದಲ್ಲಿ ಅವರ ಹೆಸರೇ ಇಲ್ಲ. ಭೂಮಿ ಯಾರಿಗೆ ಇರಲ್ಲ ಅನ್ನೋದನ್ನ ಜಾತಿ ಮೊದಲೇ ತೀರ್ಮಾನ ಮಾಡಿಟ್ಟಿದೆ. ಹಸಿರು ಕರೆಂಟು ಅದೇ ತೀರ್ಮಾನದ ಮೇಲೆ ತಂತಿ ಎಳೆದಿದೆ.

ಇದೇನು ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಹೊರಟ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಗಣಿಯ ಪಾತಾಳಕ್ಕೆ ಇಳಿದು ಬಿಸಿಯಲ್ಲಿ ಬೆಂದೋರು ಬಹುಪಾಲು ನಮ್ಮ ಜನ. ಚಿನ್ನ ಎಲ್ಲಿಗೆ ಹೋಯ್ತು ಅಂತ ಬೇರೆ ಹೇಳ್ಬೇಕಾ?

ಎರಡನೇ ಪ್ರಶ್ನೆ: ಪೈಪಿಗೆ ಇಳಿಯೋರು ಯಾರು?

ಕೆನಡಾದ ವ್ಯಾಂಕೂವರಿನಲ್ಲಿ ಫಾಲ್ಸ್ ಕ್ರೀಕ್ ಅನ್ನೋ ಬಡಾವಣೆ ಇದೆ. 2010ರ ಚಳಿಗಾಲದ ಒಲಿಂಪಿಕ್ಸ್ ಸಮಯದಿಂದ ಅಲ್ಲಿ ಒಳಚರಂಡಿ ನೀರಿನ ಶಾಖವನ್ನ ಹೀಟ್ ಪಂಪಿನಲ್ಲಿ ಎತ್ತಿ ಮನೆ ಬೆಚ್ಚಗಿಡ್ತಾರೆ. ಒಳ್ಳೆ ತಂತ್ರಜ್ಞಾನ. ಆದ್ರೆ ಅಲ್ಲಿ ಚರಂಡಿ ಅಂದ್ರೆ ಬರೀ ಚರಂಡಿ. ಇಲ್ಲಿ ಚರಂಡಿ ಅಂದ್ರೆ ಜಾತಿ.

ನಮ್ಮಲ್ಲಿ ದೊಡ್ಡ ಚಿಲ್ಲರ್‌ನ ಶಾಖ ಆರಿಸೋ ಕೂಲಿಂಗ್ ಟವರಿಗೆ ನೀರು ಬೇಕೇಬೇಕು. ಕುಡಿಯೋ ನೀರು ಕೊಡಕ್ಕಾಗಲ್ಲ, 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರ್ ಹಿಂದೆ ಓಡಿದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ಸಂಸ್ಕರಿಸಿದ ಕೊಳಚೆ ನೀರೇ ಗತಿ. ತಪ್ಪಿಲ್ಲ. ಆದ್ರೆ ಅದರ ಹಿಂದೆ ಎಸ್‌ಟಿಪಿ ಇರುತ್ತೆ, ಸಂಪು ಇರುತ್ತೆ, ಕಟ್ಟಿಕೊಳ್ಳೋ ಜಾಲರಿ ಇರುತ್ತೆ. ಭಾನುವಾರ ಸಂಜೆ ಪಂಪು ಕಟ್ಟಿಕೊಂಡಾಗ, ಒಳಗೆ ಕೂತೋರಿಗೆ ಸೆಕೆ ಆದಾಗ, ಗುತ್ತಿಗೆದಾರ ಯಾರಿಗೆ ಫೋನ್ ಮಾಡ್ತಾನೆ? ನಮ್ಮ ಕೇರಿಯ ಹುಡುಗನಿಗೆ. 2013ರ ಕಾಯ್ದೆ ಇದನ್ನ ಅಪರಾಧ ಅಂದಿದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿ ಸಾವಿನ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ನಮಗೆ ಬೇಕಿರೋದು ಏರಿಸಿದ ಪರಿಹಾರ ಅಲ್ಲ, ಮನುಷ್ಯ ಇಳಿಯೋ ಅಗತ್ಯವೇ ಇಲ್ಲದ ಡಿಸೈನು. ನಕ್ಷೆ ಬರೆಯೋ ಇಂಜಿನಿಯರಿಗೆ ಈ ಪ್ರಶ್ನೆ ಮೊದಲ ದಿನವೇ ಕೇಳ್ಬೇಕು. ಹೆಣ ಬಿದ್ದ ಮೇಲೆ ಅಲ್ಲ.

ಮೂರನೇ ಪ್ರಶ್ನೆ: ಬಿಲ್ಲು ಯಾರ ಕೈಯಲ್ಲಿ?

ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಕರೆಂಟಿನ ದರ ಏರಿಸ್ಬೇಕಾದ್ರೆ ಕೆಇಆರ್‌ಸಿ ಮುಂದೆ ಹೋಗ್ಬೇಕು. ಅಲ್ಲಿ ನಾವೂ ಆಕ್ಷೇಪಣೆ ಸಲ್ಲಿಸಬಹುದು. ಗೃಹಜ್ಯೋತಿ ಲೆಕ್ಕ ಆಗೋದು ನಮ್ಮ ಮೀಟರಿನ ಯೂನಿಟ್ಟಿನ ಮೇಲೆ. ಆದ್ರೆ ಪೈಪಿನಲ್ಲಿ ಬರೋ ತಣ್ಣೀರು ಯೂನಿಟ್ಟಲ್ಲ. ಅದರ ದರ ಕಂಪನಿ ಮತ್ತು ಕಟ್ಟಡದ ನಡುವಿನ ಒಪ್ಪಂದ. ಬೇಡ ಅಂದ್ರೆ ಬೇರೆ ಕಂಪನಿಗೆ ಹೋಗೋಣ ಅಂದ್ರೆ ಪೈಪು ಒಂದೇ. ಏಕಸ್ವಾಮ್ಯ.

ಇದು ಊಹೆ ಅಲ್ಲ. ಬ್ರಿಟನ್ನಿನಲ್ಲಿ 2022ರಲ್ಲಿ ಗ್ಯಾಸ್ ಬೆಲೆ ಗಗನಕ್ಕೇರಿದಾಗ, ಮನೆಗೆ ನೇರ ಗ್ಯಾಸ್ ಸಂಪರ್ಕ ಇದ್ದೋರಿಗೆ ಸರ್ಕಾರದ ದರಮಿತಿಯ ರಕ್ಷಣೆ ಇತ್ತು. ಸಾಮೂಹಿಕ ಬಾಯ್ಲರಿನಿಂದ ಪೈಪಿನಲ್ಲಿ ಶಾಖ ಪಡೀತಿದ್ದೋರಿಗೆ ಆ ರಕ್ಷಣೆ ಇರಲಿಲ್ಲ. ಅವರಲ್ಲಿ ಸರ್ಕಾರಿ ವಸತಿಯ ಬಡ ಬಾಡಿಗೆದಾರರು ಬಹಳ ಜನ. 2023ರ ಕಾಯ್ದೆ ತಂದು ನಿಯಂತ್ರಕರ ಕೈಗೆ ಕೊಡ್ಬೇಕಾಯ್ತು. ಡೆನ್ಮಾರ್ಕು ನೋಡಿ. 1973ರ ತೈಲ ಬಿಕ್ಕಟ್ಟಿನಿಂದ ಪಾಠ ಕಲಿತು 1979ರಲ್ಲೇ ಶಾಖ ಪೂರೈಕೆಗೆ ಕಾಯ್ದೆ ತಂದರು. ಪೈಪಿನ ಶಾಖ ಮಾರಿ ಲಾಭ ಮಾಡೋ ಹಾಗಿಲ್ಲ, ಖರ್ಚು ಎಷ್ಟೋ ಅಷ್ಟೇ ದರ. ಬಹುಪಾಲು ಸಂಸ್ಥೆಗಳು ಪುರಸಭೆಯವು ಅಥವಾ ಬಳಕೆದಾರರ ಸಹಕಾರಿಗಳು. ಕೋಪನ್‌ಹೇಗನ್ನಿನ ಹೆಚ್ಚುಕಮ್ಮಿ ಎಲ್ಲಾ ಕಟ್ಟಡ ಆ ಪೈಪಿಗೆ ಸೇರಿವೆ. ಪೈಪು ಎರಡೂ ಕಡೆ ಒಂದೇ, ಮಾಲೀಕ ಯಾರು ಅನ್ನೋದರಲ್ಲಿ ಇರೋದು ವ್ಯತ್ಯಾಸ.

ಬಾಬಾಸಾಹೇಬರು ಇದನ್ನ ಎಂದೋ ಯೋಚಿಸಿದ್ರು. 1942ರಿಂದ 46ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತಿನ ಖಾತೆಯೂ ಅವರದೇ. 1943ರಲ್ಲಿ ವಿದ್ಯುತ್ ನೀತಿ ಸಮಿತಿಯ ಮುಂದೆ ಅವರು ಇಟ್ಟ ಮೊದಲ ಪ್ರಶ್ನೆಗಳಲ್ಲಿ ಒಂದು: ವಿದ್ಯುತ್ತು ಖಾಸಗಿಯವರ ಕೈಯಲ್ಲಿರಬೇಕೋ, ಸರ್ಕಾರದ ಕೈಯಲ್ಲೋ? 1947ರ "ಸ್ಟೇಟ್ಸ್ ಅಂಡ್ ಮೈನಾರಿಟೀಸ್"ನಲ್ಲಿ ಪ್ರಮುಖ ಉದ್ಯಮಗಳೆಲ್ಲ ಪ್ರಭುತ್ವದ ಒಡೆತನದಲ್ಲಿ ಇರಬೇಕು ಅಂದ್ರು. ಬಾಬಾಸಾಹೇಬರನ್ನ ಬರೀ ಮೀಸಲಾತಿಗೆ ಕಟ್ಟಿಹಾಕೋರು ಇದನ್ನ ಓದಲ್ಲ. ಫೋಟೋಗೆ ಹಾರ ಹಾಕೋ ನಮ್ಮೋರಲ್ಲೂ ಎಷ್ಟು ಜನ ಓದಿದ್ದೀವಿ?

ಮೀಸಲಾತಿ ಅಂದೆ, ಅದನ್ನೂ ಹೇಳಿಬಿಡ್ತೀನಿ. ಖಾಸಗಿಯವರಿಗೆ ದಶಕಗಳ ಗುತ್ತಿಗೆಗೆ ಕೊಟ್ರೆ ಅಲ್ಲಿನ ಇಂಜಿನಿಯರು, ಆಪರೇಟರು, ಲೆಕ್ಕಿಗ, ಯಾವ ಹುದ್ದೆಗೂ ಮೀಸಲಾತಿ ಇಲ್ಲ. ಗುಡಿಸೋ ಕೆಲಸಕ್ಕೆ ಮಾತ್ರ ನಮ್ಮೋರು, ಅದು ಯಾವ ಆದೇಶವೂ ಇಲ್ಲದೆ ನೂರಕ್ಕೆ ನೂರು ಮೀಸಲು.

"ಹಾಗಾದ್ರೆ ವಿರೋಧಿಸಿ, ಬೇಡ ಅನ್ನಿ" ಅಂತ ಕೆಲವರು ಹೇಳ್ತಾರೆ. ನಾನು ಹಾಗನ್ನಲ್ಲ. ಬೇಡ ಅಂದ್ರೆ ಈಗಿನ ಹಾಗೇ ಸಾವಿರಾರು ಎಸಿ ನಮ್ಮ ಮುಖಕ್ಕೆ ಬಿಸಿಗಾಳಿ ಊದುತ್ತವೆ. ಸೆಕೆಯಲ್ಲಿ ಬೇಯೋದು ಹೋರಾಟ ಅಲ್ಲ. ಸಿಂಗಾಪುರದ ತೆಂಗಾ ಅನ್ನೋ ಕಡೆ ಸರ್ಕಾರಿ ವಸತಿ ಫ್ಲ್ಯಾಟುಗಳಿಗೇ ಕೇಂದ್ರೀಕೃತ ತಣ್ಣೀರಿನ ವ್ಯವಸ್ಥೆ ಕೊಟ್ಟಿದ್ದಾರೆ. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ಪರಿಸರವಾದಿ ಗೆಳೆಯರಿಗೂ ಒಂದು ಮಾತು. ನೀವು ಕಾರ್ಬನ್ ಲೆಕ್ಕ ಹಾಕ್ತೀರಿ, ಒಳ್ಳೇದು. ಒಂದು ಟನ್ ಕಾರ್ಬನ್ ಉಳಿಸಿದ್ದು ಯಾರ ಕೂಲಿಯಿಂದ, ಯಾರ ಬೆವರಿಂದ ಅನ್ನೋ ಕಾಲಂ ನಿಮ್ಮ ಪಟ್ಟಿಯಲ್ಲಿ ಇಲ್ಲ. ಅದನ್ನ ಸೇರಿಸಿ, ಆಮೇಲೆ ನಮ್ಮನ್ನ ಸಭೆಗೆ ಕರೀರಿ.

ನಮ್ಮ ಬೇಡಿಕೆ ಐದು:

1. ಪೈಪಿನ ಜಾಲ ಸಾರ್ವಜನಿಕ ಒಡೆತನದಲ್ಲಿ ಇರಬೇಕು. ದರ ತೀರ್ಮಾನಕ್ಕೆ ಕಾನೂನುಬದ್ಧ ನಿಯಂತ್ರಕರು, ಬಹಿರಂಗ ವಿಚಾರಣೆ ಬೇಕು.

2. ಸಂಪರ್ಕ ಮೊದಲು ಸರ್ಕಾರಿ ಆಸ್ಪತ್ರೆಗೆ, ಎಸ್‌ಸಿ ಎಸ್‌ಟಿ ಹಾಸ್ಟೆಲಿಗೆ, ಸ್ಲಂ ಬೋರ್ಡಿನ ಬಹುಮಹಡಿ ವಸತಿಗೆ. ಟೆಕ್ ಪಾರ್ಕು ಆಮೇಲೆ, ಅದೂ ಹೆಚ್ಚಿನ ದರ ಕೊಟ್ಟು.

3. ಪೈಪು ತಲುಪದ ಶೀಟಿನ ಮನೆಗಳಿಗೆ ಬಿಸಿಲು ಹಿಂದಕ್ಕೆ ಅಟ್ಟೋ ತಂಪು ಚಾವಣಿ. ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿ ತಂದಿದೆ. ಈ ಖರ್ಚನ್ನ ಹವಾಮಾನದ ಹಣದಿಂದಲೇ ಮಾಡ್ಬೇಕು. ಹಾಗೇ ಟೆಕ್ ಪಾರ್ಕಿನ ಪೈಪಿಗೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದ ಕಡೆ ಕೈ ಹಾಕೋ ಹಾಗಿಲ್ಲ. 2013ರ ಕಾಯ್ದೆಯ 7(ಡಿ) ಅನ್ನೋ ಕಿಂಡಿ ಮುಚ್ಚಿಸೋಕೆ ಹತ್ತು ವರ್ಷ ಬೇಕಾಯ್ತು. ಹೊಸ ಕಿಂಡಿ ತೆಗೆಯೋಕೆ ಬಿಡಲ್ಲ.

4. ಸಂಪು, ಎಸ್‌ಟಿಪಿ, ಸುರಂಗ, ಯಾವುದಕ್ಕೂ ಸ್ವಚ್ಛ ಮಾಡೋಕೆ ಮನುಷ್ಯ ಇಳಿಯಬಾರದು. ಯಂತ್ರದ ವ್ಯವಸ್ಥೆ ನಕ್ಷೆಯಲ್ಲೇ ಇಲ್ಲದಿದ್ರೆ ಟೆಂಡರೇ ಕರೆಯಬಾರದು.

5. ಎಲ್ಲಾ ಹುದ್ದೆಗೂ ಮೀಸಲಾತಿ, ಕಾಯಂ ನೇಮಕ. ನಮ್ಮ ಐಟಿಐ ಮಕ್ಕಳಿಗೆ ಚಿಲ್ಲರ್, ಹೀಟ್ ಪಂಪ್ ರಿಪೇರಿಯ ತರಬೇತಿ. ಪೊರಕೆ ಕೊಡೋ ಕೈಗೆ ಸ್ಪ್ಯಾನರ್ ಕೊಡೋದನ್ನೂ ಕಲಿಸೋಣ.

1927ರಲ್ಲಿ ಮಹಾಡಿನ ಚೌದಾರ್ ಕೆರೆಗೆ ಬಾಬಾಸಾಹೇಬರು ಇಳಿದದ್ದು ಬಾಯಾರಿಕೆಗೆ ಅಲ್ಲ. ಸಾರ್ವಜನಿಕರ ದುಡ್ಡಿನದು ಸಾರ್ವಜನಿಕರೆಲ್ಲರದು ಅಂತ ಸಾಬೀತು ಮಾಡೋಕೆ. ನಾಳೆ ರಸ್ತೆ ಅಗೆದು ಹಾಕೋ ಪೈಪು ಸರ್ಕಾರದ ಜಾಗದಲ್ಲಿ, ನಮ್ಮ ತೆರಿಗೆಯಲ್ಲಿ, ನಮ್ಮ ಜನರ ಗುದ್ದಲಿಯಿಂದಲೇ ಹೋಗೋದು. ಅದರೊಳಗಿನ ನೀರಿನಲ್ಲಿ ನಮಗೂ ಪಾಲಿದೆ.

ಆದ್ರೆ ಪೈಪು ಹೂತ ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ. ನಿಮ್ಮ ವಾರ್ಡಿನ ಸಭೆಗೆ ಹೋಗಿ. ಹವಾಮಾನ ಯೋಜನೆಯ ಹಣದಲ್ಲಿ ನಮ್ಮ ಹಾಸ್ಟೆಲಿಗೆ ಎಷ್ಟು, ನಮ್ಮ ಕೇರಿಗೆ ಎಷ್ಟು ಅಂತ ಆರ್‌ಟಿಐ ಹಾಕಿ. ಕರಡು ಪ್ರಕಟವಾದ್ರೆ ಆಕ್ಷೇಪಣೆಯ ಕೊನೇ ದಿನಾಂಕ ಗುಂಪಿನಲ್ಲಿ ಹಾಕಿ, ಅರ್ಜಿ ಬರೆಯೋ ಕೆಲಸ ನಾನು ಮಾಡಿಕೊಡ್ತೀನಿ. ಅದು ನನ್ನ ದಿನದ ಕಸುಬೇ.

ಜೈ ಭೀಮ್.