ಸೃಜನಶೀಲತೆ ಮತ್ತು ಪತ್ರಿಕಾವೃತ್ತಿ: ಆಯ್ಕೆಯ ಪ್ರಶ್ನೆಯ ಮರುಪರಿಶೀಲನೆ

ಕನ್ನಡ ಎಂ.ಎ. ಮುಗಿಸಿದ, ಬರೆಯುವ ಹಂಬಲವುಳ್ಳ ವಿದ್ಯಾರ್ಥಿಯ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳನ್ನು ಇಡಲಾಗುತ್ತದೆ: ಸೃಜನಶೀಲ ಬರವಣಿಗೆ ಅಥವಾ ಪತ್ರಿಕೋದ್ಯಮ. ಮೊದಲನೆಯದು ಒಳಗಿನ ಕರೆ, ಎರಡನೆಯದು ಹೊಟ್ಟೆಪಾಡು ಎಂಬ ಶ್ರೇಣೀಕರಣವೂ ಈ ಪ್ರಶ್ನೆಯೊಳಗೇ ಅಡಗಿದೆ. ಈ ವಿಭಜನೆ ಕನ್ನಡದ ಅನುಭವಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪರಿಶೀಲಿಸಲು ಬೆಂಗಳೂರು ದಂಡುಪ್ರದೇಶದ ಪತ್ರಿಕಾ ಚರಿತ್ರೆ ನೆರವಾಗುತ್ತದೆ.

1947ರಲ್ಲಿ ದಂಡುಪ್ರದೇಶವು ಬ್ರಿಟಿಷ್ ರೆಸಿಡೆಂಟರ ಆಡಳಿತದಿಂದ ಮೈಸೂರು ಸಂಸ್ಥಾನಕ್ಕೆ ಮರಳಿತು. 1948ರಲ್ಲಿ ಸೌತ್ ಪರೇಡ್ ಮಹಾತ್ಮಗಾಂಧಿ ರಸ್ತೆಯಾಯಿತು. ಅದೇ ವರ್ಷದ ಅಕ್ಟೋಬರ್ 15ರಂದು ಅದೇ ರಸ್ತೆಯಿಂದ ‘ಪ್ರಜಾವಾಣಿ’ ಹೊರಬಂದಿತು. ನಗರ ಮತ್ತು ದಂಡು ಒಂದೇ ಕಾರ್ಪೊರೇಷನ್ನಿನ ಅಡಿಗೆ ಬಂದದ್ದು 1949ರಲ್ಲಿ. ಶಿವಾಜಿನಗರದ ಉರ್ದು, ಹಲಸೂರಿನ ತಮಿಳು, ಪರೇಡ್ ಮೈದಾನದ ಸುತ್ತಣ ಇಂಗ್ಲಿಷ್ ಇವುಗಳ ನಡುವೆ ಕನ್ನಡ ದಿನಪತ್ರಿಕೆಯೊಂದು ಹೀಗೆ ನೆಲೆಯೂರಿತು. ಅದರ ಮೊದಲ ಸಂಪಾದಕರಾದ ಬಿ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗೆ ‘ಕುರುಕ್ಷೇತ್ರ’ ನಾಟಕ ಬರೆದುಕೊಟ್ಟವರು. ‘ಕ್ರಾಂತಿ ಕಲ್ಯಾಣ’ ಕಾದಂಬರಿಗಾಗಿ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಆದರೆ ಸಾಹಿತ್ಯ ಚರಿತ್ರೆ ಕಾದಂಬರಿಕಾರರನ್ನೂ ಪತ್ರಿಕಾ ಚರಿತ್ರೆ ಸಂಪಾದಕರನ್ನೂ ಬೇರೆಬೇರೆಯಾಗಿ ದಾಖಲಿಸಿ ಸುಮ್ಮನಾಗುತ್ತವೆ. ವೃತ್ತಿರಂಗಭೂಮಿಯ ಸಂಭಾಷಣೆ, ಸುದ್ದಿಯ ಗದ್ಯ, ಐತಿಹಾಸಿಕ ಕಾದಂಬರಿಯ ನಿರೂಪಣೆ ಈ ಮೂರೂ ಒಬ್ಬ ಲೇಖಕರಲ್ಲಿ ಹೇಗೆ ಪರಸ್ಪರ ಕೊಂಡುಕೊಟ್ಟವು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

‘ಪ್ರಜಾವಾಣಿ’ ಮತ್ತು 1967ರಲ್ಲಿ ಆರಂಭವಾದ, ಕ್ವೀನ್ಸ್ ರಸ್ತೆಯಲ್ಲಿ ಬಹುಕಾಲ ನೆಲೆಸಿದ್ದ ‘ಕನ್ನಡಪ್ರಭ’ ಎರಡಕ್ಕೂ ಸಂಪಾದಕರಾಗಿದ್ದ ವೈಎನ್ಕೆ (1926–1999) ಅವರು ನವ್ಯ ಲೇಖಕರಿಗೆ ನೀಡಿದ ಒತ್ತಾಸೆಯನ್ನು ಇಲ್ಲಿಯೇ ನೆನೆಯಬೇಕು. ಇದಕ್ಕೆ ಪ್ರತಿಯಾದ ದಾರಿ ಪಿ. ಲಂಕೇಶರದು. ಅಧ್ಯಾಪನವನ್ನು ಬಿಟ್ಟ ಅವರು 1980ರಲ್ಲಿ ‘ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದರು. ಪತ್ರಿಕೆ ಅವರೊಳಗಿನ ಕಥೆಗಾರನನ್ನು ನುಂಗಿತೆಂದು ಹೇಳುವವರು, 1993ರ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾದ ‘ಕಲ್ಲು ಕರಗುವ ಸಮಯ’ ಪತ್ರಿಕೆಯ ಕಾಲದ್ದೇ ಎಂಬುದನ್ನು ಮರೆಯಬಾರದು.

ಹಾಗೆಂದು ಪತ್ರಿಕಾ ಕಚೇರಿಯನ್ನು ಸಾಹಿತ್ಯದ ಗರಡಿಯೆಂದು ವೈಭವೀಕರಿಸುವುದೂ ತಪ್ಪಾದೀತು. ಮೇಲಿನ ಹೆಸರುಗಳು ಉಳಿದುಬಂದವರ ಹೆಸರುಗಳು. ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಯನ್ನು ಗಡುವಿನೊಳಗೆ ಕನ್ನಡಕ್ಕೆ ತರುವ ಉಪಸಂಪಾದಕನಿಗೆ ರಾತ್ರಿ ಪಾಳಿ ಮುಗಿದ ಮೇಲೆ ಕವಿತೆಗೆ ಉಳಿಯುವ ಚೈತನ್ಯ ಅಲ್ಪ. ಸಿದ್ಧ ವಾಕ್ಯಗಳ ರೂಢಿಯು ಕೈಗೆ ವೇಗ ಕೊಡುವಂತೆಯೇ ಭಾಷೆಯ ಮೊನೆಯನ್ನು ಸವೆಸುತ್ತದೆ. ಸಂಪಾದಕನಿಗೂ ಮಾಲೀಕನಿಗೂ ದೊರೆಯುವ ಸ್ವಾತಂತ್ರ್ಯ ಕಿರಿಯ ವರದಿಗಾರನಿಗೆ ದೊರೆಯುವುದಿಲ್ಲ. ಆದರೂ ಬರಹದಿಂದಲೇ ಬದುಕುವುದು ದುಸ್ತರವಾದ ಭಾಷೆಯಲ್ಲಿ, ಇಡೀ ದಿನ ಕನ್ನಡದೊಂದಿಗೇ ಕಳೆಯುವುದಕ್ಕೆ ಸಂಬಳ ಕೊಡುವ ಜಾಗಗಳು ತರಗತಿ ಮತ್ತು ಪತ್ರಿಕೆಗಳ ಹೊರಗೆ ಹೆಚ್ಚಿಲ್ಲ. ಅನಾಮಧೇಯ ಉಪಸಂಪಾದಕರ ಆ ನಿತ್ಯಾನುವಾದವೇ ಆಡಳಿತ, ವಿಜ್ಞಾನ, ಕ್ರೀಡೆಗಳನ್ನು ಹೇಳಬಲ್ಲ ಗದ್ಯವೊಂದನ್ನು ರೂಪಿಸಿತು. ಆಧುನಿಕ ಕಥೆಗಾರರೂ ಉಸಿರಾಡಿದ್ದು ಆ ಗದ್ಯದ ವಾತಾವರಣದಲ್ಲಿಯೇ.

ಇಲ್ಲಿ ಕನ್ನಡ ವಿಭಾಗಗಳ ಹೊಣೆಯ ಪ್ರಶ್ನೆ ಏಳುತ್ತದೆ. ಅಂಕಣ, ನುಡಿಚಿತ್ರ, ವರದಿ ಇವನ್ನು ಸಾಹಿತ್ಯದ ಹೊರಗಿನ ಸರಕೆಂದು ಪಠ್ಯಕ್ರಮ ಅಂಚಿಗೆ ಸರಿಸಿರುವುದರಿಂದಲೇ ವಿದ್ಯಾರ್ಥಿಯ ಆಯ್ಕೆ ಕೃತಕವಾಗಿ ಕಠಿಣವಾಗಿದೆ. ಪತ್ರಿಕೆ ಸೇರಿದವನು ಸಾಹಿತ್ಯವನ್ನು ತೊರೆದೆನೆಂಬ ಅಳುಕಿನಲ್ಲಿ ಬರೆಯುತ್ತಾನೆ. ಕವಿತೆಯನ್ನು ಆಯ್ದವನು ವಾಸ್ತವವನ್ನು ವಿಚಾರಿಸಿ, ಪರಿಶೀಲಿಸಿ ಬರೆಯುವ ಶಿಸ್ತಿನಿಂದ ವಂಚಿತನಾಗುತ್ತಾನೆ. ವರದಿಯನ್ನು ಗದ್ಯಪ್ರಕಾರವಾಗಿ ಬೋಧಿಸುವುದು, ಹಳೆಯ ಸಂಚಿಕೆಗಳನ್ನು ಮಾಹಿತಿಯ ಆಕರವಾಗಿ ಮಾತ್ರ ನೋಡದೆ ಶೈಲಿಯ ಆಕರವಾಗಿಯೂ ಸಂಶೋಧಿಸುವುದು ತುರ್ತಾಗಿ ಆಗಬೇಕಾದ ಕೆಲಸಗಳು. ಪುಟ್ಟಸ್ವಾಮಯ್ಯನವರ ನಾಟಕ ಮತ್ತು ಕಾದಂಬರಿಗಳ ಪಕ್ಕದಲ್ಲಿ ಅವರ ಕಾಲದ ಪತ್ರಿಕೆಯ ಪುಟಗಳನ್ನೂ ಇಟ್ಟು ಓದುವ ತರಗತಿಯೊಂದು ಏರ್ಪಟ್ಟರೆ, ಅಲ್ಲಿಂದ ಹೊರಬರುವ ವಿದ್ಯಾರ್ಥಿ ಯಾವ ವೃತ್ತಿಯನ್ನು ಹಿಡಿದರೂ ಅಳುಕಿಲ್ಲದೆ ಬರೆದಾನು.