ರಾಜಮುದ್ರೆಯ ಚೌರ್ಯ

ರಾಜದ್ರವ್ಯವನ್ನಪಹರಿಸುವ ಉಪಾಯಗಳು ನಲವತ್ತೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಎಣಿಸಿರುವನು. ಆ ಗ್ರಂಥವು 1909ರಲ್ಲಿ ಮೈಸೂರಿನಲ್ಲಿಯೇ ಅಚ್ಚಾಯಿತು. ನಮ್ಮ ಅಧಿಕಾರಿಗಳಲ್ಲಿ ಅದನ್ನು ಓದಿದವರು ಎಷ್ಟೋ, ಆಚರಿಸಿದವರಂತೂ ಉಂಟು. ಬಳ್ಳಾರಿ ಮೊದಲಾದ ಜಿಲ್ಲೆಗಳ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವು 16,085 ಕೋಟಿ ರೂಪಾಯಿಗಳೆಂದು ಅಂದಿನ ಲೋಕಾಯುಕ್ತ ಸಂತೋಷ ಹೆಗ್ಡೆಯವರ 2011ರ ವರದಿಯು ಅಂದಾಜುಮಾಡಿತು. ಬೆಟ್ಟವೇನು ಕಿಸೆಯಲ್ಲಿ ಅಡಗುವ ವಸ್ತುವೇ? ಲಾರಿಗೊಂದು ಪರವಾನಗಿ, ತನಿಖಾಠಾಣೆಗೊಬ್ಬ ಕಾವಲುಗಾರ, ಬಂದರಿಗೊಬ್ಬ ಅಧಿಕಾರಿ. ಇಷ್ಟು ಕಣ್ಣುಗಳು ಮುಚ್ಚಿಕೊಳ್ಳದೆ ಅದಿರು ಕಡಲನ್ನು ಸೇರಲಾರದು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯು ಮುಟ್ಟುಗೋಲು ಹಾಕಿಕೊಂಡಿದ್ದ ಅದಿರೇ ಲಕ್ಷಾಂತರ ಟನ್ನುಗಳಷ್ಟು ಹಡಗೇರಿ ಹೋಯಿತು! ಆ ಹಡಗುಗಳಿಗೆ ಅಪ್ಪಣೆಚೀಟಿ ಬರೆದ ಕೈಯನ್ನು ಪಾರುಪತ್ಯಗಾರನದೆನ್ನಬೇಕೋ, ಚೋರನದೆನ್ನಬೇಕೋ?